ಕೊನೆಯ ಇಪ್ಪತ್ತೈದು ನಿಮಿಷ

"ಹುಡುಗ ನಡೀತಾನ್ರಿ. ನಡೀತಾನೆ, ಮತ್ತೂ ನಡೀತಾನೆ. ಇಂಟರ್‌ವಲ್ ಆತು, ಜನ ಚಾ ಕುಡಿದು ಬಂದ್ರು, ಅವ ಇನ್ನೂ ನಡೀತಾನೇ ಇದ್ದ! ಅಷ್ಟು ನಡೆದಿದ್ರೆ ಪುಣ್ಯಾತ್ಮ ಸಿದ್ದಾಪುರ ಮುಟ್ಟಿ, ಸಂತೆ ಮಾಡ್ಕೊಂಡು ವಾಪಸ್ ಬರ್ತಿದ್ದ."

ಟೆಂಪೋದೊಳಗೆ ನಗುವೋ ನಗು. ರಸೂಲ್ ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನೊಮ್ಮೆ ನೋಡಿ, ನಕ್ಕವರೆಷ್ಟು ಮಂದಿ ಎಂದು ಅಂದಾಜು ಮಾಡಿ, ತೃಪ್ತಿಯಿಂದ ಗೇರು ಬದಲಿಸಿದ. ಶಿರಸಿಯಿಂದ ಸಿದ್ದಾಪುರಕ್ಕೆ ನಾಲ್ಕು ಐವತ್ತಕ್ಕೆ ಹೊರಡುವ ಅವನ ಟೆಂಪೋದಲ್ಲಿ ಶುಕ್ರವಾರ ಸೀಟು ಸಿಗುವುದು ಕಷ್ಟ. ಅದೇ ದಾರಿಗೆ ಬಸ್ಸೂ ಇದೆ. ಆದರೆ ಬಸ್ಸಿನ ಡ್ರೈವರ್ ಸಿನಿಮಾ ನೋಡಿ ಬಂದಿರುವುದಿಲ್ಲವಲ್ಲ.

"ಅಂದ್ರೆ ಹೋಗೂದು ಬೇಡ ಅಂತೀರಾ?" ಡ್ರೈವರ್ ಹಿಂದಿನ ಸೀಟಿನಿಂದ ಕೇಳಿದವರು ಹೈಸ್ಕೂಲಿನ ಪರಿಮಳಾ ಟೀಚರ್. ಅವರಿಗೆ ಭಾನುವಾರಕ್ಕೊಂದು ಸಿನಿಮಾ ಬೇಕು, ಆ ಸಿನಿಮಾಕ್ಕೆ ರಸೂಲನ ಅಪ್ಪಣೆಯೂ ಬೇಕು.

"ನಿದ್ದೆ ಬರದೇ ಇದ್ದೋರು ಹೋಗ್ಬಹುದು ಟೀಚರ್. ತಂಪಿತ್ತು, ಫ್ಯಾನೂ ಇತ್ತು. ಇಡೀ ಟಾಕೀಸಿಗೆ ಒಂಬತ್ತು ಜನ. ಅದ್ರಲ್ಲಿ ನಾಲ್ಕು ಮಂದಿ ಗೊರಕೆ."

ಅಲ್ಲಿಗೆ ಆ ಸಿನಿಮಾದ ಕಥೆ ಮುಗಿದಂತೆಯೇ. ರಸೂಲ್ ಚೊಲೋ ಎಂದರೆ ಭಾನುವಾರ ಸಿದ್ದಾಪುರದ ಅರ್ಧ ಪೇಟೆ ಶಿರಸಿಯ ಟಾಕೀಸಿನಲ್ಲಿರುತ್ತಿತ್ತು. ಬೇಡ ಎಂದರೆ ಉಚಿತವಾಗಿ ಕರೆದರೂ ಯಾರೂ ಹೋಗುತ್ತಿರಲಿಲ್ಲ. ಅವನು ನಕ್ಷತ್ರ ಗಿಕ್ಷತ್ರ ಕೊಡುವವನಲ್ಲ. ಅವನ ಅಳತೆಯೆಲ್ಲ ರಸ್ತೆಯದ್ದು. ಕಳೆದ ತಿಂಗಳ ದೊಡ್ಡ ಹೊಡೆದಾಟದ ಸಿನಿಮಾಕ್ಕೆ, "ಕಾನಸೂರಿನ ತನಕ ಟಾಪ್ ಗೇರು, ಆಮೇಲೆ ಬರೀ ಹೊಂಡ," ಎಂದಿದ್ದ. ಅದಕ್ಕೂ ಹಿಂದೆ ಬಂದ, ನಾಲ್ಕು ತಲೆಮಾರಿನ ಪ್ರೇಮಕಥೆಗೆ, "ಐದು ರಸ್ತೆ ಸರ್ಕಲ್ಲಿನಲ್ಲಿ ಸುತ್ತಿದ್ದೇ ಸುತ್ತಿದ್ದು, ಒಂದು ರಸ್ತೆಗೂ ಇಳೀಲಿಲ್ಲ," ಎಂದ. ಒಂದೇ ಒಂದು ಸಲ, ಅಪ್ಪ ಮಗಳ ಕಥೆಯೊಂದಕ್ಕೆ, "ಹೊಸ ಡಾಂಬರು," ಎಂದು ಸುಮ್ಮನಾಗಿದ್ದ. ಆ ಸಿನಿಮಾ ಊರಿನಲ್ಲಿ ನಾಲ್ಕು ವಾರ ಓಡಿತು.

ಇನ್ನೊಂದು ವಿಷಯಕ್ಕೂ ಅವನಿಗೆ ಹೆಸರಿತ್ತು. ರಸೂಲ್ ಕ್ಲೈಮ್ಯಾಕ್ಸ್ ಹೇಳುವುದಿಲ್ಲ. ಎಷ್ಟು ಗೋಗರೆದರೂ ಹೇಳುವುದಿಲ್ಲ. "ಕ್ಲೈಮ್ಯಾಕ್ಸ್ ಹೇಳೂದು ಮತ್ತೊಬ್ರ ತಟ್ಟೆಯಿಂದ ಅನ್ನ ಕಸಿದಂಗೆ," ಎನ್ನುತ್ತಿದ್ದ. ಎಷ್ಟು ದೊಡ್ಡ ಮನುಷ್ಯ ಎಂದು ಜನ ತಲೆದೂಗುತ್ತಿದ್ದರು.

ನಿಜ ಏನೆಂದರೆ, ರಸೂಲ್ ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಸಿನಿಮಾದ ಕ್ಲೈಮ್ಯಾಕ್ಸನ್ನೂ ನೋಡಿರಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ಎರಡೂವರೆಯ ಆಟಕ್ಕೆ ಹೋಗಿ ಕೂರುತ್ತಿದ್ದ. ಆಟ ಬಿಡುವುದು ಐದು ಗಂಟೆ ದಾಟಿದ ಮೇಲೆ. ಅವನ ಪಾಳಿ ನಾಲ್ಕು ಐವತ್ತಕ್ಕೆ. ಟೆಂಪೋ ಸ್ಟ್ಯಾಂಡಿನಲ್ಲಿ ಪಾಳಿ ಎಂದರೆ ಪಾಳಿ. ಒಬ್ಬ ತಪ್ಪಿಸಿದರೆ ಉಳಿದ ಗಾಡಿಗಳ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿ ನಾಲ್ಕು ನಲವತ್ತಾಯಿತೆಂದರೆ ಟಾಕೀಸಿನ ಗೇಟ್‌ಕೀಪರ್ ರಾಮ ಟಾರ್ಚು ಹಿಡಿದು ಬಂದು ಭುಜ ತಟ್ಟುತ್ತಿದ್ದ. "ರಸೂಲಣ್ಣ, ಟೈಮಾತು." ಹೀರೋ ನೇಣುಗಂಬದ ಮೇಲಿದ್ದರೂ ಸರಿ, ಮಂಟಪದಲ್ಲಿದ್ದರೂ ಸರಿ, ರಸೂಲ್ ಎದ್ದು ಪಕ್ಕದ ಬಾಗಿಲಿನಿಂದ ಓಡುತ್ತಿದ್ದ.

ಮೊದಮೊದಲು ಮನೆಯಲ್ಲಿ ಹೆಂಡತಿ ಬದ್ರುನ್ನಿಸಾಗೆ ತಾನೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದ. ಅವನು ಕಟ್ಟಿದ ಕಥೆಯಲ್ಲಿ ಎಲ್ಲರೂ ಬದುಕುತ್ತಿದ್ದರು. ಒಂದು ದಿನ ಅವಳು ಟಿವಿಯಲ್ಲಿ ಅದೇ ಸಿನಿಮಾ ನೋಡಿ, "ನೀವು ಮದುವೆ ಮಾಡಿಸಿದ ಹುಡುಗಿ ಬಾವಿಗೆ ಬಿದ್ದು ಸತ್ತಳಲ್ಲ?" ಎಂದು ಕೇಳಿದ್ದಳು. ಅಂದಿನಿಂದ ಗುಟ್ಟು ಮನೆಯವರಿಗಷ್ಟೇ ಗೊತ್ತು, ರಾಮನನ್ನು ಬಿಟ್ಟರೆ. ಕೊನೆಯನ್ನು ಮೊಬೈಲಿನಲ್ಲಾದರೂ ನೋಡು ಅಬ್ಬಾ ಎಂದು ಮಗಳು ಜೀನತ್ ಹೇಳುತ್ತಾಳೆ. ಆನೆಯಂಥ ಹೀರೋನನ್ನು ಅಂಗೈಯಲ್ಲಿ ಕುಣಿಸುವುದು ರಸೂಲನಿಗೆ ಸೇರದು.

ಆ ಶುಕ್ರವಾರ ಟೆಂಪೋ ಕಾನಸೂರಿನಲ್ಲಿ ನಿಂತಾಗ, ಹಿಂದಿನ ಸೀಟಿನ ಪಾರ್ವತವ್ವ ಖಾಲಿ ಬುಟ್ಟಿ ಹಿಡಿದು ಇಳಿದಳು. ಶಿರಸಿ ಪೇಟೆಯಲ್ಲಿ ಸೊಪ್ಪು ಮಾರುವ ಹೆಂಗಸು, ವಯಸ್ಸು ಎಪ್ಪತ್ತರ ಹತ್ತಿರ. ಹಾನಗಲ್ ಕಡೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ಬಾಯಿಯೂ ಸಣ್ಣದಲ್ಲ. ಬ್ರೇಕು ಜೋರಾಗಿ ಹಾಕಿದರೆ ರಸೂಲನ ಏಳು ತಲೆಮಾರನ್ನೂ ವಿಚಾರಿಸಿಕೊಳ್ಳುವವಳು. ಇಳಿದವಳು ಎಂದಿನಂತೆ ನಡೆದುಬಿಡದೆ, ಸುತ್ತಿ ಬಂದು ಡ್ರೈವರ್ ಕಿಟಕಿಯ ಬಳಿ ನಿಂತಳು.

"ರಸೂಲಾ, ಆ ಸಿನಿಮಾದಾಗ ಕಡೀಕೆ ಒಬ್ಬಾಕಿ ಮುದುಕಿ ಬರ್ತಾಳೇನ?" ದನಿ ಎಷ್ಟು ತಗ್ಗಿತ್ತೆಂದರೆ, ಇದು ಪಾರ್ವತವ್ವನದೇ ಹೌದೋ ಎನಿಸುವಂತಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇಡೀ ಟೆಂಪೋ ಕಿವಿಯಾಗಿ ಕೂತಿದೆ. ಬರುತ್ತಾಳೆ ಎಂದರೆ, ಬಂದು ಏನು ಮಾಡುತ್ತಾಳೆ ಎಂಬ ಪ್ರಶ್ನೆ ಹಿಂದೆಯೇ ಇರುತ್ತದೆ.

"ಮುದುಕಿನೂ ಇಲ್ಲ, ಗಿದುಕಿನೂ ಇಲ್ಲ ಅವ್ವ. ಬರೀ ಆ ಹುಡುಗ, ಅವನ ಚಪ್ಪಲಿ."

"ಖರೇನ? ಬರೋಬ್ಬರಿ ನೋಡೀಯಲ್ಲ?"

"ಹನ್ನೊಂದು ವರ್ಷದಿಂದ ನೋಡ್ತಾ ಇದ್ದೆ. ನಂಗೆ ತಪ್ತದಾ?"

"ಹೂಂ," ಎಂದಳು ಪಾರ್ವತವ್ವ. ಸೆರಗು ತಲೆಗೆಳೆದುಕೊಂಡು ಹೊರಟುಹೋದಳು. ಬೈಗುಳವಿಲ್ಲ, ನಗೆಯಿಲ್ಲ. ರಸೂಲನಿಗೆ ಒಂದು ಗಳಿಗೆ ಏನೋ ತಪ್ಪಿದಂತಾಯಿತು. ಆದರೆ ಹಿಂದಿನಿಂದ ಯಾರೋ ಸಿನಿಮಾದ ಹಾಡು ಹೇಗಿತ್ತು ಎಂದು ಕೇಳಿದರು, ಅವನು ಹಾಡಿನ ಕಥೆಗೆ ಹೊರಳಿದ.

ಶನಿವಾರ ಪಾರ್ವತವ್ವ ಬರಲಿಲ್ಲ. ಸೋಮವಾರವೂ ಇಲ್ಲ. ಹಬ್ಬವಿರಲಿ, ಜ್ವರವಿರಲಿ, ಬುಟ್ಟಿ ಹೊತ್ತು ಬರುವ ಹೆಂಗಸು. ಬುಧವಾರ ಸಂಜೆ, ಅವಳ ಪಕ್ಕದಲ್ಲೇ ಕೂತು ಬಾಳೆಎಲೆ ಮಾರುವ ಮಂಜಿ ಟೆಂಪೋ ಹತ್ತಿದಾಗ ರಸೂಲ್ ಕೇಳಿಯೇ ಬಿಟ್ಟ. ಅವಳು ಇದಕ್ಕೇ ಕಾದಿದ್ದಳೋ ಏನೋ.

"ಅಲ್ಲಾ ಡ್ರೈವರ್ರೆ, ನಿಮ್ಗೆ ಕಣ್ಣು ಕಾಣ್ಸುದಿಲ್ವಾ? ದಿನಾ ನಿಮ್ ಗಾಡೀಲಿ ಬರೂ ಮುಖ ನಿಮ್ಗೇ ಗುರ್ತ ಸಿಗೂದಿಲ್ವಾ?"

"ಯಾರ ಮುಖ?"

ಮಂಜಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಎರಡು ವರ್ಷದ ಹಿಂದೆ ಕಾನಸೂರಿನ ಆಚೆ ಆ ಸಿನಿಮಾದ ಶೂಟಿಂಗು ನಡೆದಿತ್ತು. ದಾರಿಯಲ್ಲಿ ಸಿಕ್ಕ ಪಾರ್ವತವ್ವನನ್ನು ಸಿನಿಮಾದವರು ಎರಡು ದಿನ ಕೂರಿಸಿಕೊಂಡು ಏನೇನೋ ಮಾತಾಡಿಸಿ ಕ್ಯಾಮೆರಾದಲ್ಲಿ ಹಿಡಿದುಕೊಂಡಿದ್ದರು. ಕೊನೆಯ ಸೀನು ನಿಮ್ಮದೇ ಅಜ್ಜಿ ಎಂದಿದ್ದರಂತೆ. ಪಾರ್ವತವ್ವ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹೇಳಿ, ಆಮೇಲೆ ಕತ್ತರಿಸಿ ಹಾಕಿಬಿಟ್ಟಿದ್ದರೆ? ಊರೆಲ್ಲ ಆಡಿಕೊಂಡು ನಗುವುದಿಲ್ಲವೇ? ಹಾಗಾಗಿ ಮೊದಲು ರಸೂಲನನ್ನು ಕೇಳೋಣ, ಅವನು ಇದೆ ಅಂದರೆ ಎಲ್ಲರನ್ನೂ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದಳು.

"ನೀವು ಮುದುಕಿ ಇಲ್ಲ ಅಂದ್ರಿ. 'ನನ್ನ ಕತ್ತರಿಸಿ ಒಗದ್ರು ಮಂಜಿ, ಕಸದ ಸೊಪ್ಪಿನಂಗ,' ಅಂತು. ಪೇಟೆಗೆ ಬಾ ಅಂದ್ರೆ ಕಾಲು ನೋವು ಅಂತದೆ. ಕಾಲಿಗೆ ಎಂತದೂ ಆಗ್ಲಿಲ್ಲ ಅದಕ್ಕೆ."

ರಸೂಲನ ಕಿವಿ ಬಿಸಿಯಾದವು. ಪರಿಮಳಾ ಟೀಚರ್ ಮೆಲ್ಲಗೆ, "ನೀವು ಸರಿಯಾಗಿ ನೋಡಿದ್ರಿ ಅಲ್ವಾ?" ಎಂದರು. ಅವರು ಕೇಳಿದ್ದು ಅನುಮಾನದಿಂದಲ್ಲ, ನಂಬಿಕೆಯಿಂದ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಕಾನಸೂರಿನ ತನಕ ಅವನು ರಸ್ತೆಯ ಮೇಲೇ ಕಣ್ಣು ನೆಟ್ಟು ಗಾಡಿ ಓಡಿಸಿದ. ಹೌದು ಎಂದುಬಿಟ್ಟರೆ ಹನ್ನೊಂದು ವರ್ಷದ ಹೆಸರು ಉಳಿಯುತ್ತದೆ. ನಾಳೆ ಗುರುವಾರ, ಆ ಸಿನಿಮಾದ ಕೊನೆಯ ದಿನ. ನಾಡಿದ್ದು ಹೊಸದು ಬರುತ್ತದೆ, ಇದನ್ನು ಯಾರೂ ನೆನೆಯುವುದೂ ಇಲ್ಲ. ಪಾರ್ವತವ್ವನ ಕಾಲುನೋವೂ ಒಂದು ದಿನ ಇಳಿದೀತು. ಹೀಗೆಲ್ಲ ಯೋಚಿಸಿದ. ಯೋಚಿಸಿದಷ್ಟೂ ಕಿಟಕಿಯ ಬಳಿ ಬಂದು ನಿಂತ ಆ ತಗ್ಗಿದ ದನಿ ಕೇಳಿಸುತ್ತಲೇ ಹೋಯಿತು. ಕಾನಸೂರಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೂತ.

"ನೋಡಿ, ನಾ ಒಂದು ಮಾತು ಹೇಳ್ತೆ. ಹೊಡೀಬೇಕಂದ್ರೆ ಆಮೇಲೆ ಹೊಡೀರಿ. ನಾ ಆ ಸಿನಿಮಾದ ಕೊನೆ ನೋಡ್ಲಿಲ್ಲ. ಯಾವ ಸಿನಿಮಾದ ಕೊನೇನೂ ನೋಡ್ಲಿಲ್ಲ. ನಾಲ್ಕು ನಲವತ್ತಕ್ಕೆ ಎದ್ದು ಓಡಿ ಬರ್ತೆ, ನಿಮ್ಮನ್ನ ಕರ್ಕೊಂಡು ಹೋಗ್ಬೇಕಲ್ಲ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೊದಲು ಬಾಯಿ ಬಂದದ್ದು ಕೋರ್ಟಿನೆದುರು ಅರ್ಜಿ ಬರೆದುಕೊಡುವ ವೆಂಕಟ್ರಮಣನಿಗೆ. "ಯಾವ ಸಿನಿಮಾದ್ದೂ? ಆ ಹೊಸ ಡಾಂಬರಿನದ್ದು?"

"ಅದರದ್ದೂ."

"ಮಾರಾಯಾ, ಅದ್ರಲ್ಲಿ ಅಪ್ಪ ಕೊನೆಗೆ ಸಾಯ್ತಾನೆ! ನಗ್ತಾ ಹೋದ ನನ್ನ ಹೆಂಡ್ತಿ ಎರಡು ದಿನ ಅತ್ತಳು!"

"ಯಾ ಅಲ್ಲಾ, ಸತ್ನಾ?" ರಸೂಲ್ ನಿಜವಾಗಿಯೂ ದುಃಖದಿಂದ ಕೇಳಿದ. "ಒಳ್ಳೇ ಮನುಷ್ಯ ಆಗಿದ್ದ."

ಆಗ ಶುರುವಾಯಿತು ನೋಡಿ ನಗು. ಪರಿಮಳಾ ಟೀಚರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ವೆಂಕಟ್ರಮಣ, "ಹನ್ನೊಂದು ವರ್ಷದ ಅಪೂರ್ಣ ಹೇಳಿಕೆ! ಇದರ ಮೇಲೆ ಕೇಸ್ ಹಾಕ್ಬಹುದು," ಎಂದು ಸೀಟು ಬಡಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರೂ ಮಂಜಿಯೊಬ್ಬಳು ನಗದೆ ಕೂತಿದ್ದಳು. "ಇದ್ನೆಲ್ಲ ಅಲ್ಲಿ ಹೋಗಿ ಹೇಳಿ," ಎಂದು ರಸ್ತೆಯಾಚೆಯ ಹಂಚಿನ ಮನೆಯತ್ತ ಕೈ ತೋರಿಸಿದಳು.

ಪಾರ್ವತವ್ವ ಜಗಲಿಯ ಮೇಲೆ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದಳು. ರಸೂಲ್ ಅಂಗಳದಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಅವಳು ಪೂರ್ತಿ ಕೇಳಿದಳು. ಆಮೇಲೆ ಬೈಯಲು ಶುರುಮಾಡಿದಳು. ಐದು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ಬೈದಳು. ರಸೂಲನಿಗೆ ಆ ಬೈಗುಳ ಮಳೆ ಬಿದ್ದಂತೆ ಹಿತವೆನಿಸಿತು.

"ಈಗ ಏನಂತೀ? ಅದೀನೋ ಇಲ್ಲೋ ನಾ?" ಎಂದಳು ಕೊನೆಗೆ.

"ಗೊತ್ತಿಲ್ಲ ಅವ್ವ. ರಾಮಂಗೆ ಫೋನ್ ಮಾಡಿ ಕೇಳ್ದೆ. ಆಟ ಬಿಡೂ ಹೊತ್ತಿಗೆ ಅವ ಹೊರಗೆ ಬೈಕ್ ತೆಗೆಸ್ತಾ ಇರ್ತಾನಂತೆ. ಕೊನೆ ಅವನೂ ನೋಡ್ಲಿಲ್ಲ. ನಾಳೆ ಎಲ್ಲರೂ ಹೋಗಿ ನೋಡೂಣ."

ಅಷ್ಟು ಬೈದವಳು ಈಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮರುಗಳಿಗೆಗೆ ನಗು ಮಾಸಿತು. "ಮಂದೀನೆಲ್ಲ ಕರಕೊಂಡು ಹೋಗಿ, ಅಲ್ಲಿ ನಾ ಇಲ್ಲ ಅಂದ್ರ ಏನ್ ಮಾಡ್ಲೋ ತಮ್ಮಾ? ಯಾವ ಮಾರಿ ಇಟಗೊಂಡು ಪೇಟಿಗೆ ಹೋಗ್ಲಿ?"

"ನೀವು ಇಲ್ಲ ಅಂದ್ರೆ, ನಾನೇ ಹಟ ಮಾಡಿ ಎಳ್ಕೊಂಡು ಹೋದೆ ಅಂತ ಹೇಳಿ. ನಗೂದಿದ್ರೆ ನನ್ನ ನೋಡಿ ನಗ್ಲಿ. ಹೆಂಗೂ ಈಗ ಶುರು ಮಾಡಿದಾರೆ," ಎಂದ ರಸೂಲ್. ರಸ್ತೆಯಲ್ಲಿ ನಿಂತ ಟೆಂಪೋದಿಂದ ಇನ್ನೂ ನಗು ಕೇಳಿಸುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ರಸೂಲ್ ತನ್ನ ಪಾಳಿಯನ್ನು ಹಿಂದಿನ ಗಾಡಿಯ ಫರಾಜ್‌ಗೆ ಬಿಟ್ಟುಕೊಟ್ಟು, ಅವನ ಐದೂವರೆಯದನ್ನು ತಾನು ಕೇಳಿಕೊಂಡ. ಫರಾಜ್ ಅವನ ಹಣೆ ಮುಟ್ಟಿ ನೋಡಿ, "ತಬಿಯತ್ ಸರಿ ಉಂಟಾ ಚಾಚಾ?" ಎಂದ.

ಸಂಜೆ ನಾಲ್ಕೂವರೆಗೆ ಟಾಕೀಸಿನೆದುರು ಹದಿಮೂರು ಜನ ಸೇರಿದರು. ಫರಾಜನ ಟೆಂಪೋ ಹತ್ತಿ ಮನೆಗೆ ಹೋಗಬಹುದಾಗಿದ್ದವರೆಲ್ಲ ಇಲ್ಲಿದ್ದರು. ಪರಿಮಳಾ ಟೀಚರ್ ಮನೆಗೆ ಫೋನು ಹಚ್ಚಿ, ಮನೆಮಾತಾದ ಹವ್ಯಕ ಕನ್ನಡದಲ್ಲಿ, "ಆನು ಸಿನೆಮಾಕ್ಕೆ ಹೋಗ್ತೆ. ಬಪ್ಪಲೆ ತಡ ಆಗ್ತು. ಎಂತ? ಇಲ್ಲೆ, ಪೂರ್ತಿ ಅಲ್ಲ, ಬರೀ ಕೊನೆ!" ಎನ್ನುತ್ತಿದ್ದರು. ಪಾರ್ವತವ್ವ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಂಜಿಯ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಒಂದು ಒಡೆದಿತ್ತು.

ಮುಕ್ಕಾಲು ಸಿನಿಮಾ ಮುಗಿದ ಮೇಲೆ ಟಿಕೆಟ್ ಕೇಳಿದವರನ್ನು ರಾಮ ಆ ತನಕ ಕಂಡಿರಲಿಲ್ಲ. "ಮೊದಲಿಂದು ಅರ್ಥ ಆಗೂದು ಬೇಡ್ವಾ?" ಎಂದ.

"ಮೊದಲಿಂದು ಗೊತ್ತುಂಟು. ಹುಡುಗ ನಡೀತಾನೆ," ಎಂದ ವೆಂಕಟ್ರಮಣ.

ಒಳಗೆ ಹುಡುಗ ನಡೆಯುತ್ತಲೇ ಇದ್ದ. ಹದಿಮೂರು ಜನ ಒಂದೇ ಸಾಲಿನಲ್ಲಿ ಕೂತರು, ನಡುವೆ ಪಾರ್ವತವ್ವ, ಅವಳ ಪಕ್ಕ ರಸೂಲ್. ತೆರೆಯ ಮೇಲೆ ಗುಡ್ಡ, ಮತ್ತೊಂದು ಗುಡ್ಡ, ಒಂದು ಒಣ ಹಳ್ಳ. ಮಾತಿಲ್ಲ, ಹಾಡಿಲ್ಲ. ನಾಲ್ಕು ನಲವತ್ತಕ್ಕೆ ಸರಿಯಾಗಿ, ಅಭ್ಯಾಸಬಲದಿಂದ, ರಾಮ ಟಾರ್ಚು ಹಿಡಿದು ಬಂದು, "ರಸೂಲಣ್ಣ, ಟೈಮಾತು," ಎಂದ. ಹದಿಮೂರು ಬಾಯಿಗಳು ಒಟ್ಟಿಗೆ "ಶ್!" ಎಂದವು. ರಾಮ ಬೆಚ್ಚಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಾಲ್ಕೂ ಮುಕ್ಕಾಲಾಯಿತು. ಐವತ್ತಾಯಿತು. ಮುದುಕಿ ಇಲ್ಲ. ಹುಡುಗ ಒಂದು ಬಾವಿಯ ನೀರು ಕುಡಿದು ಮತ್ತೆ ನಡೆದ. ಪಾರ್ವತವ್ವ ಮೆಲ್ಲಗೆ, "ನಡೀರಿ ಹೋಗೂಣು," ಎಂದಳು. ರಸೂಲ್ ಒಳಗೊಳಗೇ ದುವಾ ಮಾಡಿದ. ಸಿನಿಮಾದೊಳಗಿನ ಯಾರಿಗೋ ಒಳ್ಳೆಯದಾಗಲಿ ಎಂದು ಅವನು ಎಷ್ಟೋ ಸಲ ಬೇಡಿಕೊಂಡದ್ದುಂಟು, ಸಿನಿಮಾ ನೋಡುತ್ತಿರುವವರಿಗಾಗಿ ಬೇಡಿದ್ದು ಇದೇ ಮೊದಲು.

ಹುಡುಗ ಒಂದು ತಿರುವು ದಾಟಿದ. ದಾರಿಯ ಪಕ್ಕ ಒಂದು ಮನೆ. ಜಗಲಿಯ ಮೇಲೆ ಯಾರೋ ಬಗ್ಗಿಕೊಂಡು ಸೊಪ್ಪು ಸೋಸುತ್ತಿದ್ದರು. ಹೆಜ್ಜೆ ಸದ್ದಿಗೆ ಆ ತಲೆ ಮೇಲೆದ್ದಿತು. ಗೋಡೆಯಷ್ಟು ದೊಡ್ಡ ಮುಖ. ಅದರ ಒಂದೊಂದು ಸುಕ್ಕೂ ರಸ್ತೆಯಷ್ಟು ಅಗಲ.

"ಯಾರಪಾ ನೀ? ಇಂಥಾ ಬಿಸಲಾಗ ನಡಕೋತ ಹೊಂಟೀಯಲ್ಲ, ತಲಿ ನೆಟ್ಟಗೈತೋ ಇಲ್ಲೋ? ಕೂಡು ಮದ್ಲ. ಎಲ್ಲಿಗಿ, ಯಾಕ ಅನ್ನೂದು ಆಮ್ಯಾಲೆ. ಉಂಡೀಯೇನ?"

ಎರಡು ತಾಸು ಮಾತೇ ಇಲ್ಲದ ಸಿನಿಮಾದಲ್ಲಿ ಆ ದನಿ ಟಾಕೀಸಿನ ಸೂರಿಗೆ ಬಡಿಯಿತು. ಮಂಜಿ ಎದ್ದು ನಿಂತು ಕೂಗಿದಳು. ವೆಂಕಟ್ರಮಣ ಎರಡು ಬೆರಳು ಬಾಯಿಗಿಟ್ಟು ಹೊಡೆದ ಶಿಳ್ಳೆಗೆ, ಮುಂದಿನ ಸಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದವರು ಎದ್ದು ಕೂತರು. ತೆರೆಯ ಮೇಲೆ ಹುಡುಗನೂ ನಕ್ಕ, ಇಡೀ ಸಿನಿಮಾದಲ್ಲಿ ಮೊದಲ ಸಲ. ನಕ್ಕು, ಚಪ್ಪಲಿ ಬಿಚ್ಚಿ, ಜಗಲಿಯ ಮೇಲೆ ಕೂತ. ಅವನನ್ನು ಅಷ್ಟು ನಡೆಸಿದ್ದು ಹೀಗೆ ಕೂರಿಸುವುದಕ್ಕೆ ಎಂದು ರಸೂಲನಿಗೆ ಆಗ ಹೊಳೆಯಿತು. ಶುಕ್ರವಾರ ತಾನಾಡಿದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಕಣ್ಣು ತುಂಬಿಬಂದದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

"ಅಯ್ಯ! ನನ್ನ ಧ್ವನಿ ಹಿಂಗೈತೇನ?" ಪಾರ್ವತವ್ವ ಗಾಬರಿಯಿಂದ ಕೇಳಿದಳು.

"ಹಿಂಗೇ ಐತಿ!" ಎಂದಿತು ಇಡೀ ಸಾಲು.

ಏಳೆಂಟು ನಿಮಿಷ ಅವಳೇ ಇದ್ದಳು. ರೊಟ್ಟಿ ಬಡಿಸಿದಳು, ಇನ್ನೊಂದು ಹಾಕಿಸಿಕೋ ಎಂದು ಗದರಿದಳು, ನೀರು ಕೊಟ್ಟಳು. ಕೆಳಗೆ ಕೂತ ಪಾರ್ವತವ್ವ ತೆರೆಯ ಮೇಲಿನ ಪಾರ್ವತವ್ವನಿಗೆ, "ಪಲ್ಯ ಹಾಕಲಿಲ್ಲಲ್ಲ ಆತಗ," ಎಂದು ಬುದ್ಧಿ ಹೇಳಿದಳು. ಹುಡುಗ ಉಂಡು ಕೈ ತೊಳೆದು, ಜಗಲಿಯ ಕಂಬಕ್ಕೊರಗಿ ಕಣ್ಣು ಮುಚ್ಚಿದ. ಮುದುಕಿ ಮತ್ತೆ ಸೊಪ್ಪು ಸೋಸತೊಡಗಿದಳು. ಅಷ್ಟಕ್ಕೆ ತೆರೆ ಕಪ್ಪಾಯಿತು.

ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ವೆಂಕಟ್ರಮಣ ಕಣ್ಣು ಕಿರಿದು ಮಾಡಿ ಕಾದಿದ್ದು, ಕೋರ್ಟಿನಲ್ಲಿ ಕೂಗುವ ದನಿಯಲ್ಲಿ, "ಪಾರ್ವತವ್ವ, ಸಾಕಿನ್ ಕಾನಸೂರು!" ಎಂದು ಓದಿದ. ತೆರೆಯ ಮೇಲೆ ಬರೀ ಪಾರ್ವತವ್ವ ಎಂದಿತ್ತು. ಊರಿನ ಹೆಸರು ಅವನದೇ ಸೇರ್ಪಡೆ.

ಜನ ಮಾತಾಡುತ್ತ, ನಗುತ್ತ ಬಾಗಿಲ ಕಡೆ ನಡೆದರು. ಪರಿಮಳಾ ಟೀಚರ್ ನಾಳೆ ಬರುವ ಸಿನಿಮಾದ ಬಗ್ಗೆ ಮಂಜಿಯನ್ನು ಏನೋ ಕೇಳುತ್ತಿದ್ದರು. ಸಾಲಿನಲ್ಲಿ ಉಳಿದವರು ಇಬ್ಬರೇ. ಹೆಸರುಗಳು ಇನ್ನೂ ಏರುತ್ತಿದ್ದವು, ಬಡಗಿಗಳದು, ಅಡುಗೆಯವರದು, ಗಾಡಿ ಓಡಿಸಿದವರದು.

"ಈಗ ಏಳೂದೇನ ರಸೂಲಾ?" ಎಂದಳು ಪಾರ್ವತವ್ವ.

"ನಂಗೂ ಗೊತ್ತಿಲ್ಲ ಅವ್ವ," ಎಂದ ರಸೂಲ್.

ರಾಮ ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಅದನ್ನು ಒತ್ತದೆ, ಪೊರಕೆಯನ್ನು ಮೂಲೆಗಿಟ್ಟು, ಅಲ್ಲೇ ನಿಂತುಕೊಂಡ.